ಮಾದಯ್ಯ ಬದುವಿನ ಮೇಲೆ ನಿಂತದ್ದು

ಕಳೆದ ತಿಂಗಳು ಹುಲ್ಲಹಳ್ಳಿ ಕಡೆ ಒಂದು ಗೃಹಪ್ರವೇಶಕ್ಕೆ ಹೋಗುವಾಗ ನಾಲೆಯ ಸೇತುವೆ ಹತ್ತಿರ ಕಾರು ನಿಧಾನವಾಯಿತು. ಒಣಗಿ ಬಿದ್ದಿದ್ದ ನಾಲೆಗೆ ಅವತ್ತೇ ನೀರು ಬಿಟ್ಟಿದ್ದರು. ಬೇಸಿಗೆಯಿಡೀ ಬಿರಿದ ಕೆಸರು, ಒಣ ಪಾಚಿ, ಸಗಣಿ, ಸತ್ತ ಏಡಿ ಎಲ್ಲವೂ ಒಟ್ಟಿಗೆ ನೆಂದಾಗ ಏಳುವ ಒಂದು ವಾಸನೆಯಿದೆ. "ಕಿಟಕಿ ಮುಚ್ಚು, ಗಬ್ಬು" ಎಂದರು ನನ್ನ ಗಂಡ. ನಾನು ಮುಚ್ಚಲಿಲ್ಲ. ನನಗೆ ಸಿಟ್ಟು ಬಂದಿತ್ತು. ಇಪ್ಪತ್ತು ವರ್ಷ ದಾಟಿದ ಸಿಟ್ಟು ಒಂದು ವಾಸನೆಗೆ ಹೀಗೆ ಎದ್ದು ಕೂರುತ್ತದೆಂದು ನನಗೇ ಗೊತ್ತಿರಲಿಲ್ಲ. ಗೃಹಪ್ರವೇಶದ ಮನೆಯಲ್ಲಿ ಹೋಳಿಗೆ ಬಡಿಸಲು ಬಂದವರ ಮೇಲೂ ಸಿಡುಕಿದೆನಂತೆ.

ಇಸವಿ ಎರಡು ಸಾವಿರವಾದರೂ ಪ್ರಪಂಚ ಮುಳುಗಲಿಲ್ಲವಲ್ಲ ಎಂದು ಜನ ತಮಾಷೆ ಮಾಡುತ್ತಿದ್ದ ವರ್ಷ ಅದು. ಫಿಸಿಯೋಥೆರಪಿ ಓದು ಮುಗಿಸಿ ನಾನು ನಂಜನಗೂಡಿನ ಒಂದು ಸಣ್ಣ ಆಸ್ಪತ್ರೆಗೆ ಸೇರಿದ್ದೆ. ಬೆಳಿಗ್ಗೆ ಮೈಸೂರಿನಿಂದ ಚಾಮರಾಜನಗರದ ರೈಲು, ಸಂಜೆ ಸಿಕ್ಕಿದ ಬಸ್ಸು. ನನ್ನ ಇಲಾಖೆಯೆಂದರೆ ಆಸ್ಪತ್ರೆಯ ಹಿಂದಿನ ಒಂದು ಪಡಸಾಲೆ, ಹಿಡಿದು ನಡೆಯಲು ಕಬ್ಬಿಣದ ಸರಳುಗಳು, ಕೈಯಿರುವ ಒಂದು ಮರದ ಕುರ್ಚಿ, ನೆಲಕ್ಕೆ ಅಂಟಿಸಿದ ಒಂದು ಕೆಂಪು ಪಟ್ಟಿ. ಲಕ್ವ ಹೊಡೆದವರನ್ನು, ಬಿದ್ದು ಬಿದ್ದು ನೆಲಕ್ಕೇ ಹೆದರುವಂತಾದ ವಯಸ್ಸಾದವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಮೊದಲು ಕುರ್ಚಿಯಲ್ಲಿ ಕೂರಿಸುವುದು. ಎದ್ದು ಪಟ್ಟಿಯವರೆಗೆ ನಡೆದು, ತಿರುಗಿ ಬಂದು, ಮತ್ತೆ ಕೂರಿ ಎನ್ನುವುದು. ಗಡಿಯಾರ ಹಿಡಿದು ನೋಡುವುದು. ಏಳುವಾಗ ಕೈ ಊರುತ್ತಾರೋ, ತಿರುಗುವಾಗ ತೂರಾಡುತ್ತಾರೋ, ಕೂರುವಾಗ ಧೊಪ್ಪೆಂದು ಬೀಳುತ್ತಾರೋ, ಇಷ್ಟು ನೋಡಿದರೆ ಆ ಮನುಷ್ಯ ಮನೆಯಲ್ಲಿ ಬೀಳುತ್ತಾನೋ ಇಲ್ಲವೋ ಒಂದು ಅಂದಾಜು ಸಿಗುತ್ತದೆ. ಇನ್ನುಳಿದದ್ದೆಲ್ಲ ಆಮೇಲೆ.

ನಮ್ಮ ಕಡೆಯ ವಯಸ್ಸಾದವರು ಅದನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯಂತೆ ತೆಗೆದುಕೊಳ್ಳುತ್ತಿದ್ದರು. ವಿಭೂತಿ ಹಚ್ಚಿ, ಮಡಿಕೆ ಮುರಿಯದ ಪಂಚೆ ಉಟ್ಟು ಬರುತ್ತಿದ್ದರು. ನಡೆದು ಬಂದು ಕೂತು, ಏದುಸಿರಿನಲ್ಲೇ "ಫೇಲಾದ್ನಾ ಮೇಡಮ್ಮೋರೆ?" ಎನ್ನುತ್ತಿದ್ದರು. ಒಬ್ಬ ಅಜ್ಜಿ ಅಳಿಯನ ಎದುರು ಕುರ್ಚಿಯಲ್ಲಿ ಕೂರಲಾರೆನೆಂದು ಹಠ ಹಿಡಿದಳು. ರಸಬಾಳೆ ಎಲ್ಲಾದರೂ ಸಿಗುತ್ತದಾ ನೋಡಿ ಬನ್ನಿ ಎಂದು ಅಳಿಯನನ್ನು ಪೇಟೆಗೆ ಅಟ್ಟಿದೆ. ಆಗಲೇ ಅದು ಸುಲಭಕ್ಕೆ ಸಿಗದ ಹಣ್ಣಾಗಿತ್ತು, ಆತ ಹುಡುಕಿ ಬರುವಷ್ಟರಲ್ಲಿ ಅಜ್ಜಿಯ ಪರೀಕ್ಷೆಯೂ ಊಟವೂ ಮುಗಿದಿದ್ದವು. ಇಂಥವಕ್ಕೆಲ್ಲ ನಾನು ನಕ್ಕು ಮನೆಯಲ್ಲಿ ಹೇಳುತ್ತಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಗುರುಮಲ್ಲಪ್ಪನವರು ತಮ್ಮ ಜೀಪಿನಲ್ಲಿ ಮಾದಯ್ಯನನ್ನು ಕರೆತಂದರು. ಹುಲ್ಲಹಳ್ಳಿಯಾಚೆಯ ಒಂದು ಊರಿನ ದೊಡ್ಡ ಕುಳ ಗುರುಮಲ್ಲಪ್ಪ. ನಾಲೆ ಕೆಳಗೆ ಬಹಳ ಗದ್ದೆ. ಮಠದ ಸಭೆಗಳಲ್ಲಿ ಕಾಯಕದ ಬಗ್ಗೆ, ಮನುಷ್ಯರೆಲ್ಲ ಒಂದೇ ಎಂಬುದರ ಬಗ್ಗೆ ಚೆನ್ನಾಗಿ ಮಾತಾಡುವವರೆಂದು ಹೆಸರು. ಮಾತಿನಲ್ಲೂ ಸೌಮ್ಯ. "ನಮ್ಮೂರ ನೀರುಗಂಟಿ ಕಣಮ್ಮ. ಲಕ್ವ ಹೊಡ್ದು ಎಡಗಡೆ ಬಿದ್ದೋಗಿತ್ತು. ಈಗ ಎದ್ದು ನಿಲ್ತಾನೆ. ಪಾಪದೋನು, ಚೆನ್ನಾಗಿ ನೋಡು" ಎಂದರು.

ಮಾದಯ್ಯನಿಗೆ ಅರವತ್ತರ ಆಸುಪಾಸು. ಒಣಕಲು ಮೈ, ಗಟ್ಟಿ ಎಲುಬು, ಬಿಸಿಲಿಗೆ ಕರಕಲಾದ ಮುಖ. ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಎಂದೆ. ಕೂರಲಿಲ್ಲ. ಗೋಡೆಗೆ ಬಲಗೈ ಕೊಟ್ಟು ನಿಂತೇ ಇದ್ದರು. ಎಡಗಾಲು ನಡುಗುತ್ತಿತ್ತು. "ಇರ್ಲಿ ಬುಡಿ ಅವ್ವ, ನಿಂತೇ ಇರ್ತೀನಿ" ಎಂದರು. ಪಕ್ಕದಲ್ಲಿ ಗುರುಮಲ್ಲಪ್ಪ ನಿಂತಿದ್ದಾರೆ, ಅದಕ್ಕೇ ಈ ಮನುಷ್ಯ ಕೂರುತ್ತಿಲ್ಲ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗುರುಮಲ್ಲಪ್ಪನವರೇ ನಕ್ಕು, "ಕೂತ್ಕೊಳ್ಳೋ ಮಾದ, ಆಸ್ಪತ್ರೇಲಿ ಅದೆಲ್ಲ ಏನಂತೆ" ಎಂದರು. ಮಾದಯ್ಯ ಕುರ್ಚಿಯ ತುದಿಗೆ ಮೈ ತಾಗಿಸಿ, ಕಾದ ಕಾವಲಿ ಮುಟ್ಟಿದವರಂತೆ ಎದ್ದುಬಿಟ್ಟರು. ಕೂತು ಶುರು ಮಾಡಬೇಕಾದ ಪರೀಕ್ಷೆ, ಕೂರುವುದೇ ಆಗದು ಎಂದರೆ ಏನು ಮಾಡುವುದು. ಕೊನೆಗೆ ಗುರುಮಲ್ಲಪ್ಪನವರನ್ನು ಕಾಫಿ ಕುಡಿದು ಬನ್ನಿ ಎಂದು ಹೊರಗೆ ಕಳಿಸಿದೆ. ಅವರ ಬೆನ್ನು ಮರೆಯಾದ ಮೇಲೆ ಮಾದಯ್ಯ ಕೂತರು, ಎದ್ದರು, ಕಾಲೆಳೆದುಕೊಂಡು ಪಟ್ಟಿಯವರೆಗೆ ಹೋಗಿ ಬಂದರು. ನಾನು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ನಡೆದರು.

ನೀರುಗಂಟಿ ಎಂದರೆ ಈಗಿನವರಿಗೆ ಹೇಳಬೇಕಾಗಬಹುದು. ನಾಲೆಯ ತೂಬಿನಿಂದ ಊರಿನ ಗದ್ದೆಗಳಿಗೆ ಬರುವ ನೀರನ್ನು ಹಂಚುವವನು. ಸನಿಕೆ ಹೆಗಲ ಮೇಲಿಟ್ಟುಕೊಂಡು ಹಗಲೂ ರಾತ್ರಿ ಬದುವಿನ ಮೇಲೆ ತಿರುಗುತ್ತಾ, ಒಬ್ಬರ ಗದ್ದೆಗೆ ಬಾಯಿ ತೆಗೆದು, ಇನ್ನೊಬ್ಬರದಕ್ಕೆ ಹುಲ್ಲು ಮಣ್ಣು ತುಂಬಿ ಮುಚ್ಚುವವನು. ಸುಗ್ಗಿಯಲ್ಲಿ ಪ್ರತಿ ಗದ್ದೆಯವರೂ ಅವನಿಗೆ ಭತ್ತದ ಹೊರೆ ಕೊಡಬೇಕು. ಮಾದಯ್ಯನ ಅಪ್ಪ, ತಾತ ಎಲ್ಲ ಅದೇ ಕೆಲಸ ಮಾಡಿದವರು. ಸ್ವಂತ ಗದ್ದೆ ಒಂದು ಗೇಣೂ ಇಲ್ಲ. ಊರಿನ ಎಲ್ಲ ಗದ್ದೆಯ ನೀರು ಮಾತ್ರ ಅವರ ಕೈಯಲ್ಲಿ.

"ನೀರ್ ಬುಡೋ ಒತ್ಗ ನಾ ತೂಬ್ನತ್ರ ನಿಂತಿರ್ಬೇಕು ಕನವ್ವ. ಇಲ್ದಿದ್ರ ಬ್ಯಾರೇರ್ನ ಮಾಡ್ಕತರ" ಎಂದರು ಮಾದಯ್ಯ. ಲಕ್ವದಿಂದ ನಾಲಿಗೆ ಸ್ವಲ್ಪ ತೊದಲುತ್ತಿತ್ತು, ಆದರೂ ಈ ಮಾತು ಸ್ಪಷ್ಟವಾಗಿ ಬಂತು. ಆಷಾಢದಲ್ಲಿ ನಾಲೆಗೆ ನೀರು ಬರುತ್ತದೆ. ಅಷ್ಟರೊಳಗೆ ಬದುವಿನ ಮೇಲೆ ನಡೆಸುತ್ತೇನೆ ಎಂದೆ. ಹೊಸ ಕೆಲಸ, ಹೊಸ ಹುರುಪು. ಆಸ್ಪತ್ರೆಯವರು ವಾರಕ್ಕೊಂದು ದಿನ ಹಳ್ಳಿಗೆ ಹೋಗಿ ಬರಲು ಒಪ್ಪಿದರು.

ಆ ಬೇಸಿಗೆಯೆಲ್ಲ ಹುಲ್ಲಹಳ್ಳಿ ಬಸ್ಸಿನ ಧೂಳು ಕುಡಿದೆ. ಬಸ್ಸಿಳಿದು ಊರು ದಾಟಿ, ಕೇರಿಯ ಕೊನೆಯಲ್ಲಿ ಮಾದಯ್ಯನ ಹೆಂಚಿನ ಮನೆ. ಹೆಂಡತಿ ಚಿಕ್ಕತಾಯಮ್ಮ ಮಿತಭಾಷಿ. ನಾನು ಮಾದಯ್ಯನಿಗೆ ಬನ್ನಿ, ಹೋಗಿ ಎಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಮೊದಲು ಜಗಲಿಯಿಂದ ಇಳಿಯುವುದನ್ನು ಕಲಿಸಿದೆ. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಗಟ್ಟಿ ಕಾಲು. ಹತ್ತುವಾಗ ಗಟ್ಟಿ ಕಾಲು ಮೊದಲು. ಮಾದಯ್ಯ ಅದನ್ನು ಮಗ್ಗಿಯಂತೆ ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡುತ್ತಿದ್ದರು. ಆಮೇಲೆ ಬದು. ಗದ್ದೆಗಳೆಲ್ಲ ಕೂಳೆ ಒಣಗಿ ಬಿದ್ದಿದ್ದವು. ಏಡಿ ತೂತು, ಇಲಿ ಬಿಲ, ಬಿರುಕು. ನಾನು ಮುಂದೆ ಹಿಮ್ಮುಖವಾಗಿ ನಡೆಯುತ್ತಾ, ಅವರು ಎದುರಿಗೆ, ಚಿಕ್ಕತಾಯಮ್ಮ ಹಿಂದಿನಿಂದ ಅವರ ಸೊಂಟದ ಟವಲು ಹಿಡಿದು. "ನೆಲ ನೋಡಬೇಡಿ, ನನ್ನ ನೋಡಿ" ಎಂದರೆ, "ನೀರ್ಗಂಟಿ ನೆಲ ನೋಡ್ದೆ ಇನ್ನೇನ್ ನೋಡಾನು" ಎಂದು ನಗುತ್ತಿದ್ದರು. ಎಡಗಾಲು ಮೊದಮೊದಲು ಕುಡುಗೋಲು ಬೀಸಿದಂತೆ ಹೊರಗೆ ಸುತ್ತಿ ಬರುತ್ತಿತ್ತು. ಮಾವಿನ ಕಾಲ ಮುಗಿಯುವ ಹೊತ್ತಿಗೆ ನೇರವಾಯಿತು. ಟವಲು ಬಿಟ್ಟೆವು. ಒಂದು ದಿನ ಒಬ್ಬರೇ ದೊಡ್ಡ ಆಲದ ಮರದವರೆಗೆ ಹೋಗಿ, ತಿರುಗಿ, ಕೋಲು ಎತ್ತಿ ತೋರಿಸಿದರು.

ಬಿದ್ದದ್ದು ಅದರ ಮುಂದಿನ ವಾರ. ಮುಂಗಾರು ಒಂದೆರಡು ಸಲ ಚೆನ್ನಾಗಿ ಸುರಿದು ಗದ್ದೆಗಳು ಕೆಸರಾಗಿದ್ದವು. ಮಾದಯ್ಯ ಬದುವಿನ ಮೇಲೆ ಸಲೀಸಾಗಿ ಬರುತ್ತಿದ್ದರು, ನಾನೂ ಚಿಕ್ಕತಾಯಮ್ಮನೂ ಹಿಂದಿದ್ದೆವು. ಎದುರಿಗೆ ಗುರುಮಲ್ಲಪ್ಪನವರ ತಮ್ಮ ಹಾಲಿನ ಕ್ಯಾನು ಹಿಡಿದು ಬಂದ. ಅವನಿನ್ನೂ ದೂರದಲ್ಲೇ ಇದ್ದ. ಮಾದಯ್ಯ ಬದು ಬಿಟ್ಟು ಕೆಳಗಿಳಿದುಬಿಟ್ಟರು. ಎಡಗಾಲು ಕೆಸರಿನಲ್ಲಿ ಹೂತಿತು, ಎಳೆದುಕೊಳ್ಳಲಾಗದೆ ಮಗ್ಗುಲಾಗಿ ಬಿದ್ದರು. ತಮ್ಮ "ಉಷಾರು ಕಣ್ಲಾ" ಎಂದು ಹೇಳಿ ದಾಟಿ ಹೋದ. ನಾನೂ ಚಿಕ್ಕತಾಯಮ್ಮನೂ ಸೇರಿ ಎತ್ತಿದೆವು. ಯಾಕೆ ಇಳಿದಿರಿ, ಕೆಸರಿಗೆ ಮಾತ್ರ ಇಳಿಯಬೇಡಿ ಎಂದು ಎಷ್ಟು ಸಲ ಹೇಳಿದ್ದೆ ಎಂದು ರೇಗಿದೆ.

"ನಾ ಇಳಿನಿಲ್ಲ ಕನವ್ವ. ನನ್ ಕಾಲೇ ಇಳೀತು" ಎಂದರು ಮಾದಯ್ಯ.

ಲಕ್ವ ಆ ಮನುಷ್ಯನ ಎಡಗೈ ಕಸಿದಿತ್ತು, ಗುಂಡಿ ಹಾಕುವುದನ್ನು ಮರೆಸಿತ್ತು, ಮೊಮ್ಮಗಳ ಹೆಸರನ್ನು ಒಂದು ತಿಂಗಳು ಬಾಯಿಗೆ ಬಾರದಂತೆ ಮಾಡಿತ್ತು. ದಾರಿ ಬಿಟ್ಟು ಇಳಿಯುವುದನ್ನು ಮಾತ್ರ ಮುಟ್ಟಿರಲಿಲ್ಲ. ಏಳುವುದು, ನಡೆಯುವುದು, ತಿರುಗುವುದು, ಒಂಟಿ ಕಾಲಲ್ಲಿ ನಿಲ್ಲುವುದು ಎಲ್ಲಕ್ಕೂ ನಮ್ಮ ಓದಿನಲ್ಲಿ ಪರೀಕ್ಷೆಯಿದೆ. ಎದುರಿಗೆ ಯಜಮಾನ ಬಂದರೆ ಈ ಮನುಷ್ಯನ ಕಾಲು ಏನು ಮಾಡುತ್ತದೆ ಎಂಬುದಕ್ಕೆ ಇಲ್ಲ.

ಆ ಕಾಲಿನಲ್ಲಿ ಕೆಸರಿಗೆ ಇಳಿಯುವುದು ಆಗ ಸಾಧ್ಯವಿರಲಿಲ್ಲ. ಹಾಗಾಗಿ ಹೇಳಿದೆ: ಯಾರಾದರೂ ಎದುರು ಬಂದರೆ ಕೋಲು ಊರಿ ನಿಂತುಬಿಡಿ. ಅವರು ಇಳಿದು ಹೋಗಲಿ, ಅವರ ಕಾಲು ಗಟ್ಟಿಯಾಗಿದೆ. ಇವತ್ತು ಕೇಳಿದರೂ ಇದನ್ನೇ ಹೇಳುತ್ತೇನೆ. ಚಿಕ್ಕತಾಯಮ್ಮ ನಕ್ಕಳು. ಅದು ಖುಷಿಯ ನಗುವಲ್ಲ. "ಏಳ್ಕೊಡಾದು ಸುಲ್ಬ ಕನವ್ವ. ಸಂದ್ಗ ನೀವು ಬಸ್ ಅತ್ತಿ ಓಯ್ತೀರಿ" ಎಂದಳು.

ನಾನು ನೇರವಾಗಿ ಗುರುಮಲ್ಲಪ್ಪನವರ ಮನೆಗೆ ಹೋದೆ. ಮನೆ ನಡುವಿನ ತೊಟ್ಟಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನನ್ನ ಅಪ್ಪ, ತಾತ, ಊರು ಎಲ್ಲ ವಿಚಾರಿಸಿ, "ಓ, ನಮ್ಮ ಪೈಕಿ ಹುಡುಗಿ" ಎಂದು ಸಂತೋಷಪಟ್ಟರು. ಮಾದಯ್ಯ ಚೆನ್ನಾಗಿ ನಡೆಯುತ್ತಾರೆ, ಆದರೆ ಬದು ಬಿಟ್ಟು ಇಳಿದರೆ ಬೀಳುತ್ತಾರೆ, ಯಾರೂ ಇಳಿಸಬಾರದೆಂದು ಊರಿನವರಿಗೆ ನೀವೊಂದು ಮಾತು ಹೇಳಿ ಎಂದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು.

"ಅಯ್ಯೋ, ಯಾರಮ್ಮ ಇಳಿ ಅಂದೋರು? ನಾನಂತೂ ಒಂದು ದಿನವೂ ಅಂದೋನಲ್ಲ. ಅವನೇ ಇಳೀತಾನೆ. ಈ ಕಾಲದಲ್ಲಿ ಅವೆಲ್ಲ ಎಲ್ಲಿವೆ?"

ಸುಳ್ಳಲ್ಲ. ಅವರ ಜನ್ಮದಲ್ಲಿ ಅವರು ಮಾದಯ್ಯನಿಗೆ ಇಳಿ ಎಂದಿರಲಿಕ್ಕಿಲ್ಲ. ಹೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ಕಾಫಿ ಚೆನ್ನಾಗಿತ್ತು, ಕುಡಿದು ಬಂದೆ.

ಆಷಾಢದ ಕೊನೆಯಲ್ಲಿ ನಾಲೆಗೆ ನೀರು ಬಂತು. ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ತೂಬಿಗೆ ಪೂಜೆ ಮಾಡಿ, ಕಾಯಿ ಒಡೆದು, ನೀರುಗಂಟಿ ಹಲಗೆ ಎತ್ತುತ್ತಾನೆ. ಆಮೇಲೆ ಕಿರುಗಾಲುವೆಯ ಮೊದಲ ನೀರಿನ ಜೊತೆ, ಪಕ್ಕದ ಬದುವಿನ ಮೇಲೆ ಕೊನೆಯ ಗದ್ದೆಯವರೆಗೆ ನಡೆಯುತ್ತಾನೆ. ನೀರಿಗಿಂತ ಮುಂದೆ ಹೋಗಬಾರದು, ಹಿಂದೆಯೂ ಬೀಳಬಾರದು. ಕೊನೆಯ ಗದ್ದೆಗೆ ನೀರು ಮುಟ್ಟಿದಾಗ ನೀರುಗಂಟಿ ಅಲ್ಲಿರಬೇಕು. ನನ್ನ ಕುರ್ಚಿ, ಪಟ್ಟಿ, ಗಡಿಯಾರಕ್ಕಿಂತ ಬಹಳ ಹಳೆಯ ಪರೀಕ್ಷೆ ಅದು. ಲಕ್ವ ಹೊಡೆದವನು ನಡೆದಾನೇ ಎಂದು ನೋಡಲು ಆ ಸಲ ಊರೇ ಬದುಗಳ ಮೇಲೆ ಸೇರಿತ್ತು. ನಾನೂ ಹೋಗಿದ್ದೆ.

ಮಾದಯ್ಯ ಒಗೆದ ಅಂಗಿ ಹಾಕಿಕೊಂಡು, ತಲೆಗೆ ಟವಲು ಸುತ್ತಿದ್ದರು. ಬಲಗೈಯಿಂದಲೇ ಹಲಗೆ ಎತ್ತಿದರು. ನೀರು ಕಸಕಡ್ಡಿ ತಳ್ಳಿಕೊಂಡು, ನೊರೆ ಕಟ್ಟಿಕೊಂಡು ಹೊರಟಿತು. ಆಗ ಎದ್ದಿತು ಆ ವಾಸನೆ. ಮಾದಯ್ಯ ಅದರ ಪಕ್ಕಕ್ಕೇ ಹೆಜ್ಜೆ ಹಾಕಿದರು. ಕೋಲು, ಎಡಗಾಲು, ಬಲಗಾಲು. ನೀರು ಒಂದು ಬಿಲಕ್ಕೆ ನುಗ್ಗಿ ತಡೆದರೆ ಅವರೂ ತಡೆಯುವರು, ಅದು ಓಡಿದರೆ ಅವರೂ ಬಿರುಸಾಗುವರು. ಹಿಂದೆ ಸ್ವಲ್ಪ ದೂರದಲ್ಲಿ ಚಿಕ್ಕತಾಯಮ್ಮ, ಅವಳ ಹಿಂದೆ ನಾನು. ನನ್ನ ಕಣ್ಣು ತುಂಬಿತ್ತು.

ಅರ್ಧ ದಾರಿಯಲ್ಲಿ ಎದುರಿನಿಂದ ಗುರುಮಲ್ಲಪ್ಪ ಬಂದರು. ಬೇಕೆಂದೇ ಬಂದವರಲ್ಲ, ತಮ್ಮ ಗದ್ದೆ ನೋಡಿಕೊಂಡು ತೂಬಿನ ಕಡೆ ಹೊರಟಿದ್ದರು. ಬದು ಒಬ್ಬರಿಗಷ್ಟೇ ಅಗಲ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರು. ಮಾದಯ್ಯ ನಿಂತರು. ಎಡಗಾಲು ಬದುವಿನ ಅಂಚಿಗೆ ಸರಿಯಿತು, ನಾನು ನೋಡಿದೆ. ಆಮೇಲೆ ಕೋಲನ್ನು ಮಣ್ಣಿಗೆ ಊರಿ, ಕಾಲನ್ನು ಹಿಂದಕ್ಕೆ ತಂದು, ತಲೆ ತಗ್ಗಿಸಿ ನಿಂತುಬಿಟ್ಟರು. ಗುರುಮಲ್ಲಪ್ಪನೂ ನಿಂತರು. ಅಕ್ಕಪಕ್ಕದ ಬದುಗಳಲ್ಲಿ ಮಾತು ನಿಂತಿತು. ನೀರು ಮಾತ್ರ ಮುಂದೆ ಹೋಗುತ್ತಿತ್ತು. ಕೊನೆಗೆ ಗುರುಮಲ್ಲಪ್ಪ ಮುಗುಳ್ನಕ್ಕು, ಚಪ್ಪಲಿ ಕೈಗೆ ತೆಗೆದುಕೊಂಡು, ಪಂಚೆ ಎತ್ತಿ ಕೆಸರಿಗೆ ಇಳಿದರು. ಮಾದಯ್ಯನನ್ನು ಬಳಸಿ ದಾಟಿ ಮತ್ತೆ ಬದು ಹತ್ತಿದರು. "ನಿಧಾನ ಮಾದಯ್ಯ" ಎಂದರು. ಅವರು ಮಾದಯ್ಯ ಎಂದು ಪೂರ್ತಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾದಯ್ಯ ದಾಪುಗಾಲು ಹಾಕಿ ನೀರನ್ನು ಹಿಡಿದರು. ಕೊನೆಯ ಗದ್ದೆಗೆ ನೀರು ಮುಟ್ಟಿದಾಗ ಅವರು ಅಲ್ಲಿದ್ದರು. ನಾನು ಸಂಜೆಯ ಬಸ್ಸಿನಲ್ಲಿ ಯಾರ ಪರಿವೆಯೂ ಇಲ್ಲದೆ ಹಾಡಿಕೊಂಡು ಬಂದೆ.

ಮುಂದಿನ ವಾರ ಹೋದಾಗ ಮಾದಯ್ಯ ಜಗಲಿಯ ಮೇಲೆ ಕೂತಿದ್ದರು. ಬದುವಿನ ಮೇಲೆ ಸನಿಕೆ ಹಿಡಿದು ಬೇರೊಬ್ಬ ಯುವಕ ಓಡಾಡುತ್ತಿದ್ದ. ನಾನು ಗುರುಮಲ್ಲಪ್ಪನವರ ಮನೆಗೆ ನುಗ್ಗಿದೆನೆಂದೇ ಹೇಳಬೇಕು. ಅಲ್ಲಿ ಊರಿನ ಇನ್ನೂ ನಾಲ್ಕಾರು ಹಿರಿಯರಿದ್ದರು. ಅವರಲ್ಲಿ ಒಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ. ಎಲ್ಲರಿಗೂ ಮಾದಯ್ಯನ ಮೇಲೆ ಕನಿಕರ.

"ಪಾಪ, ಅವನ ಕೈಲಿ ಆಗಲ್ಲ ಕಣಮ್ಮ. ನಾವೇ ಕಣ್ಣಾರೆ ನೋಡಿದ್ವಲ್ಲ. ಬದು ಮೇಲೆ ಮರ ನಿಂತಂಗೆ ನಿಂತ್ಬಿಟ್ಟ. ಕಾಲು ಎತ್ತೋಕೇ ಆಗ್ಲಿಲ್ಲ" ಎಂದರು ಒಬ್ಬರು.

"ಕೊನೇ ಗದ್ದೆವರೆಗೂ ನಡೆದರಲ್ಲ?" ಎಂದೆ.

"ನಡೀತಾನೆ, ನಡಿಯೋದು ಬೇರೆ" ಎಂದರು ಗುರುಮಲ್ಲಪ್ಪ, ಮಗುವಿಗೆ ಹೇಳುವ ಹಾಗೆ. "ಗದ್ದೆಗೆ ಇಳಿಯೋಕಾಗ್ದೋನು ನೀರುಗಂಟಿ ಹೆಂಗಾಗ್ತಾನೆ, ನೀನೇ ಹೇಳು. ಕೆಸರಿಗೆ ಇಳಿದ್ರೆ ಬೀಳ್ತಾನೆ ಅಂತ ನೀನೇ ಬಂದು ಹೇಳಿದ್ದಲ್ವಾ?"

ಬದುವಿನ ಮೇಲಿಂದಲೇ ಸನಿಕೆ ಹಾಕಿ ಬಾಯಿ ತೆಗೆಯಬಹುದು, ಅದನ್ನೂ ಅಭ್ಯಾಸ ಮಾಡಿಸಿದ್ದೇನೆ ಎಂದೆ. ಅವರು ಇಳಿಯಲಾಗದೆ ನಿಂತದ್ದಲ್ಲ, ಇಳಿಯಬೇಡಿ ಎಂದು ನಾನು ಹೇಳಿದ್ದಕ್ಕೆ ನಿಂತದ್ದು ಎಂದೂ ಹೇಳಿದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಎಲೆಯಡಿಕೆ ತಟ್ಟೆ ನನ್ನ ಕಡೆ ಸರಿಸಿದರು. ಆ ಮಾತು ನಾನು ಆಡಿಯೇ ಇಲ್ಲವೆಂಬಂತೆ ಮಳೆಯ ವಿಷಯ ಶುರುವಾಯಿತು.

ಕೇರಿಗೆ ವಾಪಸಾಗಿ ಮಾದಯ್ಯನ ಮುಂದೆ ಹರಿಹಾಯ್ದೆ. ನಡೆಯಿರಿ, ನೀವೇ ಬಂದು ಹೇಳಿ, ಆಗದೆ ನಿಂತದ್ದಲ್ಲ ಎಂದು ಹೇಳಿ ಎಂದೆ. ಅವರು ಕೋಲನ್ನು ಗೋಡೆಗೆ ಒರಗಿಸಿದರು.

"ಆಗ್ನಿಲ್ಲ ಅಂತ್ಲೇ ಇರ್ಲಿ ಬುಡಿ ಅವ್ವ. ಆಗ್ನಿಲ್ಲ ಅಂದ್ರ ಪಾಪ ಅಂತರ. ಇಳಿನಿಲ್ಲ ಅಂದ್ರ ಊರಲ್ಲಿರಾಕಾದ್ದಾ?"

ಚಿಕ್ಕತಾಯಮ್ಮ ಒಳಗಿನಿಂದ ನೀರು ತಂದು ಕೊಟ್ಟಳು. ಕುಡಿದು ಬಸ್ಸಿಗೆ ಹೊರಟೆ. ಆ ಸುಗ್ಗಿಯಲ್ಲಿ ಅವರ ಮನೆಗೆ ಹೊರೆ ಬರಲಿಲ್ಲ. ಮನೆಗೆ ಬೀಗ ಹಾಕಿ ಇಬ್ಬರೂ ತಿರುಮಕೂಡಲು ನರಸೀಪುರದಲ್ಲಿದ್ದ ಮಗಳ ಮನೆಗೆ ಹೋದರೆಂದು ಆಮೇಲೆ ತಿಳಿಯಿತು.

ಮರುವರ್ಷ ಬೇಸಿಗೆಯ ಕೊನೆಗೆ ನರಸೀಪುರದಲ್ಲಿ ವಯಸ್ಸಾದವರಿಗೆಂದು ಒಂದು ತಪಾಸಣಾ ಶಿಬಿರವಿತ್ತು. ಮುಗಿಸಿಕೊಂಡು ಮಗಳ ಮನೆ ಹುಡುಕಿ ಹೊರಟೆ. ಹೊಳೆಯ ಕಡೆಗೆ, ಗದ್ದೆ ಬಯಲು ದಾಟಿ ಹೋಗಬೇಕು ಎಂದರು. ಒಬ್ಬರಷ್ಟೇ ನಡೆಯಬಹುದಾದ ಬದು. ಒಂದು ಕಡೆ ಹೊಳೆ ನೀರಿಗೆ ನೆಟ್ಟ ಪೈರು, ಇನ್ನೊಂದು ಕಡೆ ಕೆಸರು. ಎದುರಿನಿಂದ ಯಾರೋ ಕೋಲೂರಿಕೊಂಡು ಬರುತ್ತಿದ್ದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರಿಂದ ಯಾರೆಂದು ನನಗೆ ತಿಳಿಯಲಿಲ್ಲ. ನನ್ನನ್ನು ಕಂಡದ್ದೇ ಆ ಮನುಷ್ಯ ನಿಂತರು. ಕೋಲನ್ನು ಕೆಸರಿಗೆ ಇಳಿಸಿದರು. ಅದರ ತುದಿಗೆ ಹೂಳದಂತೆ ಒಂದು ಮರದ ಬಿಲ್ಲೆ ಹೊಡೆದಿತ್ತು. ಆಮೇಲೆ ಸೋತ ಕಾಲು, ಕೊನೆಗೆ ಗಟ್ಟಿ ಕಾಲು. ತೂರಾಡಲಿಲ್ಲ, ತಡವರಿಸಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನೆಟ್ಟಗೆ ನಿಂತು ನನಗೆ ದಾರಿ ಬಿಟ್ಟರು.

ಹತ್ತಿರ ಬಂದ ಮೇಲೆ ಗುರುತು ಹತ್ತಿತು. ಮಾದಯ್ಯನ ಮುಖ ಅರಳಿತ್ತು.

"ನೋಡುದ್ರಾ ಅವ್ವ? ಈಗ ಇಳಿಯಾದು ಬತ್ತದ. ದಿನಾ ಇಲ್ಲೇ ಕಲ್ತೀನಿ" ಎಂದರು. ಬದು ಹತ್ತಿ ಬನ್ನಿ ಎಂದು ನಾನು ಕೈ ಚಾಚಿದೆ. ಅವರು ಹತ್ತಲಿಲ್ಲ, ಕೆಸರಿನಲ್ಲೇ ನಿಂತು ಮಾತಾಡಿದರು. "ಈ ಕಿತ ನೀರ್ ಬುಡಾಕ್ ಮುಂಚ ನಮ್ಮೂರ್ ಬುದ್ಧೇರ್ಗ ನೀವೇ ಒಂದ್ಮಾತ್ ಏಳಿ. ಮಾದ ಈಗ ಇಳೀತಾನ ಅಂತ. ನಿಮ್ ಮಾತ ನಂಬ್ತರ."

ಹೇಳುತ್ತೇನೆ ಎಂದೆ. ಕೆಲಸ ಅವರದು, ಹೊಟ್ಟೆ ಅವರದು, ಹೇಳದಿರಲು ನಾನು ಯಾರು. ಆ ವಾರವೇ ಹುಲ್ಲಹಳ್ಳಿ ಬಸ್ಸು ಹತ್ತಿ ಗುರುಮಲ್ಲಪ್ಪನವರ ತೊಟ್ಟಿಯಲ್ಲಿ ಕೂತೆ. ಕಾಫಿ ಬಂತು. ಮಾದಯ್ಯ ಈಗ ಕೆಸರಿಗೂ ಇಳಿಯುತ್ತಾರೆ, ಬೀಳುವುದಿಲ್ಲ, ನಾನೇ ನೋಡಿದೆ ಎಂದು ಹೇಳಿದೆ.

ಅವರಿಗೆ ನಿಜವಾಗಿಯೂ ಸಂತೋಷವಾಯಿತು. ನೀರುಗಂಟಿ ಕೆಲಸಕ್ಕೆ ಆಗಲೇ ಹೊಸಬ ಒಗ್ಗಿದ್ದಾನೆ, ಈಗ ಅವನನ್ನು ಬಿಡಿಸುವುದು ಧರ್ಮವಲ್ಲ ಎಂದರು. ಲೋಟ ಕೆಳಗಿಟ್ಟು, ಮನಸಾರೆ ಹೇಳಿದರು:

"ಇಳಿಯೋದು ಕಲ್ತನಲ್ಲ, ಅಷ್ಟು ಸಾಕು ಬಿಡಮ್ಮ. ಇನ್ನು ಎಲ್ಲಿದ್ರೂ ಬದುಕ್ಕೋತಾನೆ."